ಮೇಲಿರುವವರು ಮತ್ತು ದುಡಿಯುವವರು: ಸರ್ ಎಂ. ವಿಶ್ವೇಶ್ವರಯ್ಯನವರ ಬಾಳಿನಿಂದ ಒಂದು ಪಾಠ

ಬೇಲೂರಿನ ಚೆನ್ನಕೇಶವ ದೇಗುಲವನ್ನು ನೋಡಲು ಬರುವವರೆಲ್ಲರೂ ಕಂಬಗಳ ಮೇಲ್ಭಾಗದಲ್ಲಿರುವ ಮದನಿಕೆಯರ ಸೊಬಗಿಗೆ ಮನಸೋತು ಹಿಂದಿರುಗುತ್ತಾರೆ. ಆ ಶಿಲ್ಪಗಳ ಅಡಿಯಲ್ಲಿ ಕೊರೆದಿರುವ ಚಿಕ್ಕ ಅಕ್ಷರಗಳತ್ತ ಕಣ್ಣು ಹಾಯಿಸುವವರು ವಿರಳ. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳು ತಮ್ಮ ಹೆಸರನ್ನು ಅಲ್ಲಿ ಕೆತ್ತಿದ್ದಾರೆ. ನಮ್ಮ ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿನ ಲಕ್ಷ್ಮೀನರಸಿಂಹ ಗುಡಿಯ ಕೆಲಸದೊಡನೆ ಮಲ್ಲಿತಮ್ಮನೆಂಬ ಶಿಲ್ಪಿಯ ಹೆಸರು ಬೆಸೆದುಕೊಂಡಿದೆ. ದೇಗುಲವನ್ನು ಕಟ್ಟಿಸಿದವನು ಅರಸನೇ ಆದರೂ, ಉಳಿ ಹಿಡಿದವನ ಹೆಸರನ್ನು ಅಳಿಸಿಹಾಕುವ ಅಗತ್ಯ ಆ ಅರಸನಿಗೆ ಕಾಣಲಿಲ್ಲ. ಒಂಬೈನೂರು ವರ್ಷಗಳ ಹಿಂದಿನ ಆ ಕಲ್ಲಿನಲ್ಲಿ ಇಂದಿಗೂ ತೋರುವ ಶ್ರದ್ಧೆಗೂ, ದುಡಿದವನಿಗೆ ದೊರೆತ ಈ ಮನ್ನಣೆಗೂ ಸಂಬಂಧವಿಲ್ಲವೆಂದು ನಾವು ಹೇಳಲಾರೆವು.

ಪ್ರಿಯ ಓದುಗರೇ, ಕೆಲಸ ಮಾಡುವವನಲ್ಲಿ ಕೆಲಸದ ಮೇಲಿನ ಪ್ರೀತಿ ಹುಟ್ಟುವುದು ಎಲ್ಲಿಂದ? ಸಂಬಳದಿಂದಲೋ, ಭಯದಿಂದಲೋ, ಅಥವಾ ತನ್ನ ಮೇಲಿರುವವರು ತನ್ನನ್ನು ನಡೆಸಿಕೊಳ್ಳುವ ರೀತಿಯಿಂದಲೋ? ನಮ್ಮ ಕುಟುಂಬಗಳ ಮಕ್ಕಳು ಇಂದು ಬೆಂಗಳೂರಿನ ಕಾರ್ಖಾನೆಗಳಲ್ಲಿ, ಆಸ್ಪತ್ರೆಗಳಲ್ಲಿ, ಸಿದ್ಧ ಉಡುಪಿನ ಘಟಕಗಳಲ್ಲಿ ದುಡಿಯುತ್ತಿದ್ದಾರೆ. ನಮ್ಮಲ್ಲೇ ಕೆಲವರು ಕಾಫಿ ತೋಟಗಳಲ್ಲಿ ರೈಟರುಗಳಾಗಿಯೂ, ಶಾಲೆಗಳಲ್ಲಿ ಮುಖ್ಯೋಪಾಧ್ಯಾಯರಾಗಿಯೂ, ಕಚೇರಿಗಳಲ್ಲಿ ಮೇಲ್ವಿಚಾರಕರಾಗಿಯೂ ಇದ್ದಾರೆ. ಆದುದರಿಂದ ಈ ಪ್ರಶ್ನೆ ಅಪ್ಪಣೆ ಕೇಳುವವರಿಗೂ ಅಪ್ಪಣೆ ಕೊಡುವವರಿಗೂ ಸಮನಾಗಿ ಸೇರಿದ್ದು. ಇದಕ್ಕೆ ಉತ್ತರವನ್ನು ನಾವು ಶಾಸ್ತ್ರಗ್ರಂಥಗಳಲ್ಲಿ ಹುಡುಕುವ ಬದಲು, ಕನ್ನಡ ನಾಡಿನ ಮನೆಮನೆಗೂ ಪರಿಚಿತರಾದ ಒಬ್ಬ ಹಿರಿಯರ ಬಾಳಿನಲ್ಲಿ ಹುಡುಕೋಣ.

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರು ಕೇಳಿದೊಡನೆ ಕನ್ನಂಬಾಡಿಯ ಅಣೆಕಟ್ಟೆ ಕಣ್ಣಮುಂದೆ ನಿಲ್ಲುತ್ತದೆ. ಅವರು ಹುಟ್ಟಿದ ಸೆಪ್ಟೆಂಬರ್ 15ನ್ನು ದೇಶವೆಲ್ಲ ಇಂಜಿನಿಯರುಗಳ ದಿನವೆಂದು ಆಚರಿಸುತ್ತದೆ. ನಮ್ಮೂರಿಗೂ ಅವರ ನಂಟುಂಟು. ಮೈಸೂರಿನಿಂದ ಹಾಸನದ ಮಾರ್ಗವಾಗಿ ಅರಸೀಕೆರೆಗೆ ಬರುವ ರೈಲುದಾರಿ ಸಿದ್ಧವಾದದ್ದು ಅವರ ದಿವಾನಗಿರಿಯ ಕಾಲದಲ್ಲಿ. ಆದರೆ ಅವರು ಏನನ್ನು ಕಟ್ಟಿದರು ಎಂಬುದು ಇಂದು ನಮ್ಮ ವಿಷಯವಲ್ಲ. ಅವರು ಎಂತಹ ಮೇಲಧಿಕಾರಿಗಳ ಕೈಕೆಳಗೆ ದುಡಿದರು, ತಾವು ಎಂತಹ ಮೇಲಧಿಕಾರಿಯಾದರು, ಅದರಿಂದ ಕೈಕೆಳಗಿನವರ ಮನಸ್ಸಿನಲ್ಲಿ ಏನು ಬೆಳೆಯಿತು ಎಂಬುದೇ ನಮ್ಮ ವಿಚಾರ.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿ ಅವರ ಜನ್ಮಸ್ಥಳ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ಮಗ ಇನ್ನೂ ಎಳೆಯನಾಗಿರುವಾಗಲೇ ಅವರು ತೀರಿಕೊಂಡರು. ವಿದ್ಯೆಯ ಹಂಬಲದಿಂದ ಬಾಲಕನು ಬೆಂಗಳೂರಿಗೆ ಬಂದು, ಅನುಕೂಲಸ್ಥರ ಮನೆಯ ಮಕ್ಕಳಿಗೆ ಪಾಠ ಹೇಳಿ ತನ್ನ ಓದಿನ ವೆಚ್ಚವನ್ನು ಹೊಂದಿಸಿಕೊಳ್ಳಬೇಕಾಯಿತು. ಸೆಂಟ್ರಲ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಚಾರ್ಲ್ಸ್ ವಾಟರ್ಸ್ ಈ ಬಡ ವಿದ್ಯಾರ್ಥಿಯ ಪ್ರತಿಭೆಯನ್ನು ಗುರುತಿಸಿ, ಅವನಲ್ಲಿ ವಿಶೇಷ ಆಸಕ್ತಿ ವಹಿಸಿದರು. 1881ರಲ್ಲಿ ಬಿ.ಎ. ಪದವಿ, ಅನಂತರ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಇಂಜಿನಿಯರಿಂಗ್ ಶಿಕ್ಷಣ. 1883ರ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದು, ಮರುವರ್ಷವೇ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರರಾಗಿ ಅವರು ಸೇರಿದರು. ಒಬ್ಬ ಹಿರಿಯನು ತನ್ನನ್ನು ಗಮನಿಸಿದ್ದಾನೆ ಎಂಬ ಅರಿವು ಒಬ್ಬ ಕಿರಿಯನಿಗೆ ಎಷ್ಟು ದೊಡ್ಡ ಬಲವೆಂಬುದನ್ನು ಅವರು ತರುಣ ವಯಸ್ಸಿನಲ್ಲೇ ಅನುಭವಿಸಿದ್ದರು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದಕ್ಕೆ ತದ್ವಿರುದ್ಧವಾದ ಅನುಭವವೂ ಅವರಿಗೆ ಆಯಿತು. ಖಾನದೇಶದ ಧುಳೆಯ ಬಳಿ ಹಳ್ಳವೊಂದನ್ನು ದಾಟಿಸಿ ನೀರೊಯ್ಯುವ ಕೊಳವೆಯ ಕಾಮಗಾರಿ ಅವರ ಪಾಲಿಗೆ ಬಂದಿತ್ತು. ಮಳೆಗಾಲ ಅಡ್ಡ ಬರುವುದನ್ನು ಕಂಡ ತರುಣ ಇಂಜಿನಿಯರರು, ಕೆಲಸವನ್ನು ಸ್ವಲ್ಪ ಕಾಲ ಮುಂದೂಡುವುದು ಮೇಲೆಂದು ವರದಿ ಮಾಡಿದರು. ಮೇಲಧಿಕಾರಿಗಳು ಅದನ್ನು ಉತ್ಸಾಹದ ಕೊರತೆಯೆಂದೂ ಆಜ್ಞೆಯನ್ನು ಮೀರುವ ಪ್ರವೃತ್ತಿಯೆಂದೂ ಬಗೆದು, ಹಾಗೆಂದು ಬರವಣಿಗೆಯಲ್ಲಿಯೇ ತಿಳಿಸಿದರು. ಹೊಸದಾಗಿ ನೌಕರಿಗೆ ಸೇರಿದವನಿಗೆ ಇಂತಹ ಟಿಪ್ಪಣಿ ಎಷ್ಟು ನೋವು ತರುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ವಿಶ್ವೇಶ್ವರಯ್ಯನವರು ಮರುಮಾತಾಡದೆ ಮಳೆಯಲ್ಲಿಯೇ ಕೆಲಸವನ್ನು ಕೈಗೆತ್ತಿಕೊಂಡರು. ತುಂಬಿದ ಹೊಳೆಗಳನ್ನು ದಾಟಿ ಓಡಾಡಿದರು. ಕಡೆಗೆ ಕೆಲಸವನ್ನು ಮುಗಿಸಿಕೊಟ್ಟರು. ಸ್ಥಳದ ಕಷ್ಟವನ್ನು ಕಣ್ಣಾರೆ ಕಂಡ ಮೇಲಧಿಕಾರಿಗಳು ತಮ್ಮ ಕಟುವಾದ ಬರಹವನ್ನು ಹಿಂದೆಗೆದುಕೊಂಡರು.

ಈ ಘಟನೆಯನ್ನು ಸಾಮಾನ್ಯವಾಗಿ ವಿಶ್ವೇಶ್ವರಯ್ಯನವರ ಛಲಕ್ಕೆ ಉದಾಹರಣೆಯಾಗಿ ಹೇಳುತ್ತಾರೆ. ನಮಗಾದರೋ ಆ ಮೇಲಧಿಕಾರಿಯೂ ಇಲ್ಲಿ ಮುಖ್ಯರಾಗಿ ತೋರುತ್ತಾರೆ. ದೂರದಲ್ಲಿ ಕುಳಿತು ತೀರ್ಪು ಕೊಟ್ಟದ್ದು ಅವರ ತಪ್ಪು. ಹತ್ತಿರ ಬಂದು ನೋಡಿದ್ದು, ನೋಡಿದ ಮೇಲೆ ತಿದ್ದಿಕೊಂಡದ್ದು ಅವರ ದೊಡ್ಡತನ. ಬರೆದದ್ದನ್ನು ಹಿಂದೆಗೆದುಕೊಂಡರೆ ತಮ್ಮ ಅಧಿಕಾರಕ್ಕೆ ಕುಂದು ಬರುತ್ತದೆಂದು ಅವರು ಹಟ ಹಿಡಿದಿದ್ದರೆ, ತರುಣನೊಬ್ಬನ ಉತ್ಸಾಹ ಅಲ್ಲಿಯೇ ಬತ್ತಿಹೋಗುವ ಸಂಭವವಿತ್ತು. ಒಬ್ಬ ಒಳ್ಳೆಯ ಕೆಲಸಗಾರನನ್ನು ಉಳಿಸಿಕೊಳ್ಳಲು ಕೆಲವೊಮ್ಮೆ ಬೇಕಾಗುವುದು ಇಷ್ಟೇ.

ಮುಂದಿನ ಎರಡು ದಶಕಗಳಲ್ಲಿ ಅವರ ಕೀರ್ತಿ ಬೆಳೆಯುತ್ತ ಹೋಯಿತು. ಸಿಂಧ್ ಪ್ರಾಂತದ ಸುಕ್ಕೂರು ಪಟ್ಟಣಕ್ಕೆ ಸಿಂಧೂ ನದಿಯ ಶುದ್ಧವಾದ ನೀರನ್ನು ಒದಗಿಸಿದರು. ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ತಾನೇ ತೆರೆದು ತಾನೇ ಮುಚ್ಚಿಕೊಳ್ಳುವ ಬಾಗಿಲುಗಳನ್ನು ರೂಪಿಸಿ 1903ರಲ್ಲಿ ಅಳವಡಿಸಿದರು. ಆ ಬಾಗಿಲುಗಳಿಗೆ ಪೇಟೆಂಟು ದೊರೆತರೂ, ಸರ್ಕಾರದ ಸೇವೆಯಲ್ಲಿದ್ದು ಮಾಡಿದ ಕೆಲಸಕ್ಕೆ ಪ್ರತ್ಯೇಕ ಗೌರವಧನ ಸಲ್ಲದೆಂದು ಬಿಟ್ಟುಕೊಟ್ಟರು. ನಾಲೆಯ ನೀರನ್ನು ಸರದಿಯಂತೆ ಹಂಚುವ ಪದ್ಧತಿಯನ್ನು ಅವರು ತಂದಾಗ ರೈತರಿಂದ ವಿರೋಧ ಬಂದಿತು. ಅವರ ಮುಂದೆ ವಿಷಯವನ್ನು ವಿವರಿಸಿ ಒಪ್ಪಿಸುವ ದಾರಿಯನ್ನು ಅವರು ಹಿಡಿದರು. ಇಲಾಖೆಯಲ್ಲಿ ತಮಗಿಂತ ಹಿರಿಯರಾದ ಹಲವರನ್ನು ದಾಟಿ ಅವರಿಗೆ ಬಡ್ತಿ ದೊರೆಯಿತು.

ಹೀಗಿರುವಾಗ 1908ರಲ್ಲಿ ಅವರು ಸ್ವಇಚ್ಛೆಯಿಂದ ನಿವೃತ್ತರಾದರು. ಸಂಬಳಕ್ಕೆ ಕೊರತೆಯಿರಲಿಲ್ಲ, ಗೌರವಕ್ಕೆ ಲೋಪವಿರಲಿಲ್ಲ. ಆದರೆ ಮುಖ್ಯ ಇಂಜಿನಿಯರರ ಪದವಿ ಆ ಕಾಲದಲ್ಲಿ ಯೂರೋಪಿಯನ್ನರಿಗೆ ಮೀಸಲು. ಎಷ್ಟೇ ದುಡಿದರೂ ಭಾರತೀಯನೊಬ್ಬನು ಆ ಕುರ್ಚಿಯಲ್ಲಿ ಕೂರುವ ಸಾಧ್ಯತೆ ಅವರಿಗೆ ಕಾಣಲಿಲ್ಲ. ಪೂರ್ಣ ಪಿಂಚಣಿಗೆ ಬೇಕಾದ ಸೇವಾವಧಿ ತುಂಬಿರದಿದ್ದರೂ ಸರ್ಕಾರ ಅದನ್ನು ಮಂಜೂರು ಮಾಡಿ ಬೀಳ್ಕೊಟ್ಟಿತು. ಪಿಂಚಣಿ ಕೊಡಲು ಸಿದ್ಧವಿದ್ದ ಸರ್ಕಾರ ಪದವಿಯನ್ನು ಮಾತ್ರ ಕೊಡಲಾರದಾಯಿತು.

ಇಲ್ಲಿ ನಾವು ಒಂದು ಕ್ಷಣ ನಿಂತು ಯೋಚಿಸಬೇಕು. ಮನುಷ್ಯನು ಅನ್ನಕ್ಕಾಗಿ ದುಡಿಯುತ್ತಾನೆ ಎಂಬುದು ನಿಜ. ಆದರೆ ಅನ್ನಕ್ಕಾಗಿ ಮಾತ್ರ ದುಡಿಯುತ್ತಾನೆ ಎಂಬುದು ನಿಜವಲ್ಲ. ತತ್ವಜ್ಞಾನಿ ಅರಿಸ್ಟಾಟಲನು ಪ್ರತಿಯೊಂದು ಜೀವಿಯಲ್ಲಿಯೂ ತಾನು ಆಗಬಲ್ಲದ್ದನ್ನು ಆಗಿಯೇ ತೀರಬೇಕೆಂಬ ಒಂದು ಸೆಳೆತವನ್ನು ಗುರುತಿಸಿದನು. ಬೀಜಕ್ಕೆ ಮರವಾಗುವ ಹಂಬಲವಿರುವಂತೆ ದುಡಿಯುವವನಿಗೆ ಬೆಳೆಯುವ ಹಂಬಲವಿರುತ್ತದೆ. ಇನ್ನು ಮೇಲೇರಲಾರೆನೆಂಬ ಗೋಡೆ ತಲೆಯ ಮೇಲೆ ಕಂಡಾಗ, ಹೊಟ್ಟೆ ತುಂಬಿದ್ದರೂ ಮನಸ್ಸು ಬರಿದಾಗುತ್ತದೆ. ಸರಿಯಾದ ವೇಳೆಗೆ ಬಂದು, ಹೇಳಿದಷ್ಟನ್ನು ಮಾಡಿ, ಸರಿಯಾದ ವೇಳೆಗೆ ಮನೆಗೆ ಹೋಗುವ ಎಷ್ಟೋ ನೌಕರರು ಸೋಮಾರಿಗಳಲ್ಲ. ಅವರ ತಲೆಯ ಮೇಲೆ ಅಂತಹ ಗೋಡೆಯೊಂದಿರುತ್ತದೆ. ಅದನ್ನು ಕಟ್ಟಿದವರ ಕಣ್ಣಿಗೆ ಅದು ಕಾಣುವುದಿಲ್ಲ.

ಮೂಸಿ ನದಿಯ ಪ್ರವಾಹದಿಂದ 1908ರಲ್ಲಿ ತತ್ತರಿಸಿದ್ದ ಹೈದರಾಬಾದಿನ ರಕ್ಷಣೆಗೆ ಯೋಜನೆ ರೂಪಿಸಲು ನಿಜಾಮರ ಸರ್ಕಾರ ಅವರನ್ನು ಕರೆಸಿಕೊಂಡಿತು. ಅದೇ ವೇಳೆಗೆ ಮೈಸೂರಿನಿಂದ ಮುಖ್ಯ ಇಂಜಿನಿಯರರ ಹುದ್ದೆಗೆ ಆಹ್ವಾನ ಬಂದಿತು. ಅವರು ಒಡನೆಯೇ ಒಪ್ಪಿಕೊಳ್ಳಲಿಲ್ಲ. ಅಲ್ಲಿ ತಮ್ಮ ಶಕ್ತಿಗೆ ತಕ್ಕ ಕೆಲಸಕ್ಕೆ ಅವಕಾಶವಿದೆಯೇ ಎಂದು ವಿಚಾರಿಸಿ, ಭರವಸೆ ದೊರೆತ ಮೇಲೆಯೇ 1909ರ ನವೆಂಬರಿನಲ್ಲಿ ಅಧಿಕಾರ ವಹಿಸಿಕೊಂಡರು. ಸಂಬಳವೆಷ್ಟು ಎಂಬುದಕ್ಕಿಂತ ಕೆಲಸವೇನು ಎಂಬ ಪ್ರಶ್ನೆ ಅವರಿಗೆ ಮುಖ್ಯವಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಅವರಿಗೆ ಆ ಅವಕಾಶವನ್ನು ತುಂಬುಹೃದಯದಿಂದ ಕೊಟ್ಟರೆಂಬುದನ್ನು ಇತಿಹಾಸ ಬಲ್ಲದು. ಮಹಾರಾಜರ ಈ ನಂಬಿಕೆ ಇಲ್ಲದಿದ್ದರೆ ವಿಶ್ವೇಶ್ವರಯ್ಯನವರ ಸಾಮರ್ಥ್ಯ ಪುಣೆಯಲ್ಲಿ ನಿಂತಲ್ಲಿಯೇ ನಿಲ್ಲುತ್ತಿತ್ತು.

1911ರಲ್ಲಿ ಕನ್ನಂಬಾಡಿಯ ಬಳಿ ಕಾವೇರಿಗೆ ಅಡ್ಡಲಾಗಿ ಕಟ್ಟೆಯ ಕೆಲಸ ಆರಂಭವಾಯಿತು. ಸಿಮೆಂಟಿನ ಬದಲು ಇಟ್ಟಿಗೆಪುಡಿ ಮತ್ತು ಸುಣ್ಣ ಬೆರೆಸಿದ ಸುರ್ಕಿ ಗಾರೆಯನ್ನು ಬಳಸಿ ಆ ಮಹಾ ಗೋಡೆಯನ್ನು ಎಬ್ಬಿಸಲಾಯಿತು. ಸುಮಾರು ಹತ್ತು ಸಾವಿರ ಮಂದಿ ಅಲ್ಲಿ ದುಡಿದರು. ಮಳೆಗಾಲಕ್ಕೆ ಮುನ್ನ ನಿಗದಿಯಾದ ಮಟ್ಟವನ್ನು ಮುಟ್ಟಲೇಬೇಕಾಗಿದ್ದುದರಿಂದ ರಾತ್ರಿಯ ಹೊತ್ತೂ ದೊಡ್ಡ ದೀಪಗಳ ಬೆಳಕಿನಲ್ಲಿ ಕೆಲಸ ಸಾಗಿತು. ಮಲೇರಿಯಾ ಜ್ವರ ಕೂಲಿಕಾರರನ್ನು ಕಾಡಿದಾಗ ವೈದ್ಯರ ನೆರವನ್ನು ಸ್ಥಳದಲ್ಲಿಯೇ ಒದಗಿಸಲಾಯಿತು. ಯಾವ ದಿನಕ್ಕೆ ಯಾವ ಕೆಲಸ, ಅದಕ್ಕೆ ಯಾರು ಹೊಣೆ ಎಂಬುದು ಮೊದಲೇ ನಿಶ್ಚಿತವಾಗಿರುತ್ತಿತ್ತು. ಕೈಕೆಳಗಿನವರಿಗೆ ಗೊಂದಲವಿಲ್ಲದಂತೆ ಕೆಲಸವನ್ನು ವಿಂಗಡಿಸಿ ಕೊಡುವುದೂ ಅವರಿಗೆ ತೋರುವ ಒಂದು ಬಗೆಯ ಗೌರವವೆಂಬುದನ್ನು ನಾವು ಮರೆಯಬಾರದು. ಏನು ಮಾಡಬೇಕೆಂದು ಹೇಳದೆ, ಮಾಡಲಿಲ್ಲವೆಂದು ಗದರಿಸುವ ಯಜಮಾನನಿಗಿಂತ ದೊಡ್ಡ ಹಿಂಸೆ ಕೆಲಸದ ಮನೆಯಲ್ಲಿ ಬೇರೊಂದಿಲ್ಲ.

1912ರ ನವೆಂಬರಿನಲ್ಲಿ ಅವರು ಮೈಸೂರಿನ ದಿವಾನರಾದರು. ಆ ಆರು ವರ್ಷಗಳಲ್ಲಿ ಮೈಸೂರು ಬ್ಯಾಂಕು, ಕನ್ನಡ ಸಾಹಿತ್ಯ ಪರಿಷತ್ತು, ಮೈಸೂರು ವಿಶ್ವವಿದ್ಯಾನಿಲಯ, ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಮುಂತಾದ ಸಂಸ್ಥೆಗಳು ಹುಟ್ಟಿಕೊಂಡವು. ಕಾಲಪಾಲನೆಯ ವಿಷಯದಲ್ಲಿ ಅವರು ಅತ್ಯಂತ ಕಠಿಣರು. ಸಿದ್ಧತೆಯಿಲ್ಲದೆ ತಮ್ಮ ಮುಂದೆ ಬರುವ ಅಧಿಕಾರಿಯನ್ನು ಅವರು ಸಹಿಸುತ್ತಿರಲಿಲ್ಲ. ಅವರನ್ನು ಕಂಡರೆ ನಡುಗುವವರೂ ಇದ್ದರು. ಹಾಗಾದರೆ ಅವರದು ಭಯದ ಆಳ್ವಿಕೆಯೇ ಎಂದು ಯಾರಾದರೂ ಕೇಳಬಹುದು.

ಭಯಕ್ಕೂ ಗೌರವಕ್ಕೂ ಇರುವ ಅಂತರವನ್ನು ತಿಳಿಯಲು ಒಂದು ಸುಲಭವಾದ ಒರೆಗಲ್ಲಿದೆ. ನಿಯಮವನ್ನು ಹೇರುವವನು ತಾನೂ ಆ ನಿಯಮದ ಅಡಿಯಲ್ಲಿ ಇದ್ದಾನೆಯೇ ಎಂಬುದೇ ಅದು. ದಿವಾನಗಿರಿಯನ್ನು ಒಪ್ಪಿಕೊಳ್ಳುವ ಮೊದಲು ತಮ್ಮ ತಾಯಿಯನ್ನೂ ಬಂಧುಗಳನ್ನೂ ಕರೆದು, ಯಾರೊಬ್ಬರೂ ತಮ್ಮ ಬಳಿ ಶಿಫಾರಸಿಗೆ ಬರಕೂಡದೆಂದು ಮಾತು ಪಡೆದುಕೊಂಡರೆಂಬ ಸಂಗತಿ ನಾಡಿನಲ್ಲೆಲ್ಲ ಪ್ರಸಿದ್ಧವಾಗಿದೆ. ಸರ್ಕಾರದ ವಸ್ತುವನ್ನು ಸ್ವಂತಕ್ಕೆ ಬಳಸದಿದ್ದ ಅವರ ಬಗೆಗಿನ ಕಥೆಗಳು ಶಾಲೆಯ ಮಕ್ಕಳಿಗೂ ಗೊತ್ತು. ಹತ್ತು ನಿಮಿಷ ತಡವಾಗಿ ಬಂದವನನ್ನು ಗದರಿಸಿದ ಯಜಮಾನನು ತಾನು ಒಂದು ಗಂಟೆ ತಡವಾಗಿ ಬಂದರೆ ಅಲ್ಲಿ ಉಳಿಯುವುದು ಭಯ ಮಾತ್ರ. ಅವನು ಎಲ್ಲರಿಗಿಂತ ಮೊದಲು ಬಂದು ಕುಳಿತಿದ್ದರೆ ಅದೇ ಗದರಿಕೆಯೂ ಪಾಠವಾಗುತ್ತದೆ. ಭಯಪಟ್ಟವನು ಯಜಮಾನನ ಕಣ್ಣಿನ ಮುಂದೆ ದುಡಿಯುತ್ತಾನೆ. ಗೌರವಿಸುವವನು ಅವನು ಇಲ್ಲದಾಗಲೂ ದುಡಿಯುತ್ತಾನೆ.

ಆದರೆ ಈ ಮಹನೀಯರ ಬಾಳನ್ನು ಬರಿಯ ಹೊಗಳಿಕೆಯಿಂದ ಮುಗಿಸಿದರೆ ಸತ್ಯಕ್ಕೆ ಅಪಚಾರವಾದೀತು. ಆ ಕಾಲದ ಮೈಸೂರು ಸರ್ಕಾರದ ಉನ್ನತ ಹುದ್ದೆಗಳಲ್ಲಿ ಬಹುಪಾಲು ಒಂದೇ ಸಮುದಾಯದ ಕೈಯಲ್ಲಿದ್ದವು. ಇತರ ಸಮುದಾಯಗಳವರು ತಮಗೂ ಅವಕಾಶ ಬೇಕೆಂದು ಕೇಳಿದಾಗ, ಮಹಾರಾಜರು 1918ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಹುದ್ದೆಗಳು ಯೋಗ್ಯತೆಯಿಂದಲೇ ದೊರೆಯಬೇಕು, ಹಿಂದುಳಿದವರಿಗೆ ವಿದ್ಯಾಭ್ಯಾಸದ ನೆರವು ಕೊಟ್ಟು ಮೇಲೆತ್ತಬೇಕು, ಇಲ್ಲವಾದರೆ ಆಡಳಿತದ ದಕ್ಷತೆ ಕುಗ್ಗುತ್ತದೆ ಎಂಬುದು ದಿವಾನರ ನಿಲುವು. ಮಹಾರಾಜರೊಡನೆ ಹೊಂದಾಣಿಕೆ ಸಾಧ್ಯವಾಗದೆ ಅವರು ಆ ವರ್ಷದ ಕೊನೆಯಲ್ಲಿ ಅಧಿಕಾರ ತ್ಯಜಿಸಿದರು. ಮರುವರ್ಷ ಬಂದ ಮಿಲ್ಲರ್ ವರದಿಯು, ಏಳು ವರ್ಷಗಳೊಳಗೆ ಉನ್ನತ ಹುದ್ದೆಗಳಲ್ಲಿ ಅರ್ಧದಷ್ಟೂ ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡರಷ್ಟೂ ಹಿಂದುಳಿದ ಸಮುದಾಯಗಳಿಗೆ ದೊರೆಯುವಂತಾಗಬೇಕೆಂದು ಶಿಫಾರಸು ಮಾಡಿತು.

ಅವರ ಪ್ರಾಮಾಣಿಕತೆಯನ್ನು ನಾವು ಶಂಕಿಸುವುದಿಲ್ಲ. ಪದವಿಗೆ ಅಂಟಿಕೊಳ್ಳದೆ ನಂಬಿಕೆಗಾಗಿ ಪದವಿಯನ್ನು ಬಿಟ್ಟದ್ದು ಸಣ್ಣ ಮಾತಲ್ಲ. ಯೋಗ್ಯತೆಯನ್ನು ಕಡೆಗಣಿಸಿದರೆ ಶ್ರದ್ಧೆಯಿಂದ ದುಡಿಯುವವನ ಮನಸ್ಸು ಮುರಿಯುತ್ತದೆಂಬ ಅವರ ಆತಂಕದಲ್ಲಿಯೂ ಹುರುಳಿತ್ತು. ಆದರೂ ಒಂದು ಪ್ರಶ್ನೆ ನಮ್ಮನ್ನು ಬಿಡುವುದಿಲ್ಲ. ಜನಾಂಗದ ಕಾರಣದಿಂದ ತಮ್ಮ ತಲೆಯ ಮೇಲಿದ್ದ ಗೋಡೆಯನ್ನು 1908ರಲ್ಲಿ ಅಷ್ಟು ಸ್ಪಷ್ಟವಾಗಿ ಕಂಡವರು, ಹುಟ್ಟಿನ ಕಾರಣದಿಂದ ಇತರರ ಮುಂದಿದ್ದ ಗೋಡೆಯನ್ನು 1918ರಲ್ಲಿ ಅಷ್ಟೇ ಸ್ಪಷ್ಟವಾಗಿ ಏಕೆ ಕಾಣಲಿಲ್ಲ? ಶಾಲೆಯ ಮೆಟ್ಟಿಲನ್ನೇ ತಲೆಮಾರುಗಳಿಂದ ಹತ್ತಲಾಗದವನಿಗೆ, ಪರೀಕ್ಷೆಯಲ್ಲಿ ಎಲ್ಲರೂ ಸಮಾನರೆಂದು ಹೇಳಿದರೆ ಅವನಲ್ಲಿ ಯಾವ ಉತ್ಸಾಹ ಹುಟ್ಟೀತು? ಮೇಲಿರುವವರಿಗೆ ತಾವು ಹಾಯ್ದ ಗೋಡೆ ನೆನಪಿರುತ್ತದೆ. ತಮಗೆ ಎಂದೂ ಅಡ್ಡ ಬಾರದ ಗೋಡೆ ಕಣ್ಣಿಗೆ ಬೀಳುವುದಿಲ್ಲ. ಇಷ್ಟು ಮೇಧಾವಿಗಳಾದ ಹಿರಿಯರಿಗೇ ಹೀಗಾದರೆ, ನಮ್ಮಂತಹ ಸಾಮಾನ್ಯರು ಎಷ್ಟು ಎಚ್ಚರದಿಂದಿರಬೇಕು!

ಅಧಿಕಾರ ಬಿಟ್ಟ ಮೇಲೆಯೂ ನಾಡು ಅವರನ್ನು ಬಿಡಲಿಲ್ಲ. ಭದ್ರಾವತಿಯಲ್ಲಿ ಸ್ಥಾಪಿತವಾದ ಮೈಸೂರು ಕಬ್ಬಿಣದ ಕಾರ್ಖಾನೆ 1923ರ ಜನವರಿಯಲ್ಲಿ ಉತ್ಪಾದನೆ ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು ಅದಕ್ಕೆ ಆಧಾರ. ಆದರೆ ಮೊದಲ ಮಹಾಯುದ್ಧದ ಕಾಲದಲ್ಲಿ ಏರಿದ್ದ ಕಬ್ಬಿಣದ ಬೆಲೆ ಅಷ್ಟರಲ್ಲಿ ಕುಸಿದಿತ್ತು. ಕಾರ್ಖಾನೆ ನಷ್ಟದಲ್ಲಿ ಸಿಲುಕಿತು. ಇದೊಂದು ಬಿಳಿಯಾನೆ, ಮುಚ್ಚಿಬಿಡುವುದೇ ಲೇಸೆಂದು ಆಡಿಕೊಳ್ಳುವವರು ಹೆಚ್ಚಿದರು. ಆಗ ಸರ್ಕಾರ ವಿಶ್ವೇಶ್ವರಯ್ಯನವರನ್ನು ಆಡಳಿತ ಮಂಡಲಿಯ ಅಧ್ಯಕ್ಷರಾಗಿ ಕರೆಯಿತು. 1929ರವರೆಗೆ ಅವರು ಆ ಹೊಣೆಯನ್ನು ಹೊತ್ತರು.

ಅಲ್ಲಿ ಅವರು ಮಾಡಿದ ಕೆಲಸ ನಮ್ಮ ಪ್ರಶ್ನೆಗೆ ನೇರವಾದ ಉತ್ತರವಾಗಿದೆ. ವೆಚ್ಚವನ್ನು ಬಿಗಿಹಿಡಿದರು, ಶಿಸ್ತನ್ನು ತಂದರು, ಇದಿಷ್ಟನ್ನು ಯಾವ ಗಟ್ಟಿಗ ಆಡಳಿತಗಾರನೂ ಮಾಡಿಯಾನು. ಆದರೆ ಕಾರ್ಖಾನೆಯನ್ನು ಕಟ್ಟಿ ನಡೆಸಲು ಬಂದಿದ್ದ ವಿದೇಶಿ ತಜ್ಞರ ಸ್ಥಾನಗಳಿಗೆ ಮೈಸೂರಿನ ತರುಣರನ್ನು ತರಬೇತುಗೊಳಿಸಿ ಕ್ರಮೇಣ ನೇಮಿಸಿದ್ದು ಅವರ ವೈಶಿಷ್ಟ್ಯ. ಕುಲುಮೆಯ ಕೆಲಸ ನಮ್ಮವರಿಂದಾಗದು ಎಂಬ ಮಾತು ಬಹಳ ಕಾಲದಿಂದ ಕೇಳಿಬರುತ್ತಿತ್ತು. ಅದು ಮುಂಬಯಿಯಲ್ಲಿ ತಾವೇ ಕೇಳಿದ್ದ ಮಾತಿನ ಇನ್ನೊಂದು ರೂಪವೆಂಬುದನ್ನು ಅವರು ಬಲ್ಲವರಾಗಿದ್ದರು. ತಮಗೆ ಮುಚ್ಚಿದ್ದ ಬಾಗಿಲನ್ನು ಅವರು ಭದ್ರಾವತಿಯಲ್ಲಿ ಇತರರಿಗೆ ತೆರೆದರು. ನಂಬಿ ಹೊಣೆ ಕೊಟ್ಟವರ ಮುಂದೆ ತಲೆ ತಗ್ಗಿಸಬಾರದೆಂಬ ಛಲ ಆ ತರುಣರಲ್ಲಿ ಮೂಡಿತು. ಮುಚ್ಚಬೇಕೆಂದಿದ್ದ ಕಾರ್ಖಾನೆ ಉಳಿಯಿತು. ಮುಂದಿನ ದಶಕದಲ್ಲಿ ಉಕ್ಕನ್ನೂ ತಯಾರಿಸತೊಡಗಿತು. ಅನೇಕ ವರ್ಷಗಳ ಬಳಿಕ ಅವರ ಹೆಸರನ್ನೇ ಹೊತ್ತಿತು.

ಆ ಸೇವೆಯ ಕಾಲದಲ್ಲಿ ಅವರು ಸಂಬಳವನ್ನು ತೆಗೆದುಕೊಂಡಿರಲಿಲ್ಲ. ಸಲ್ಲಬೇಕಾದ ಹಣವನ್ನು ಸರ್ಕಾರ ಕೊಡಲು ಮುಂದಾದಾಗ, ಕೈಕಸುಬುಗಳನ್ನು ಕಲಿಸುವ ಒಂದು ಸಂಸ್ಥೆಯನ್ನು ಅದರಿಂದ ಸ್ಥಾಪಿಸಬೇಕೆಂದು ಅವರು ಕೇಳಿಕೊಂಡರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ವೃತ್ತಿ ಶಿಕ್ಷಣ ಸಂಸ್ಥೆ ಹುಟ್ಟಿದ್ದು ಹೀಗೆ. ಅದಕ್ಕೆ ತಮ್ಮ ಹೆಸರನ್ನು ಇಡಿಸಿಕೊಳ್ಳಲು ಅವರು ಒಪ್ಪಲಿಲ್ಲ. ತಮ್ಮ ದುಡಿಮೆಯ ಫಲವನ್ನು ಕೈಯಿಂದ ದುಡಿಯುವ ಮಕ್ಕಳ ಏಳಿಗೆಗೆ ಮುಡಿಪಾಗಿಟ್ಟು ಅವರು ಸರಿದು ನಿಂತರು. 1918ರಲ್ಲಿ ಅವರು ಹಿಡಿದ ನಿಲುವನ್ನು ತೂಗುವಾಗ ಈ ಸಂಸ್ಥೆಯನ್ನೂ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇಡುವುದು ನ್ಯಾಯ.

ಆದರೂ ಕನ್ನಂಬಾಡಿಯ ಆ ಹತ್ತು ಸಾವಿರ ಮಂದಿಯನ್ನು ನೆನೆದಾಗ ಮನಸ್ಸು ಭಾರವಾಗುತ್ತದೆ. ಅಲ್ಲಿ ಕಲ್ಲು ಹೊತ್ತವರ, ಗಾರೆ ಕಲಸಿದವರ, ಜ್ವರದಿಂದ ನರಳಿದವರ ಹೆಸರುಗಳು ನಮಗೆ ತಿಳಿದಿಲ್ಲ. ಬೇಲೂರಿನ ದಾಸೋಜನಿಗೆ ದೊರೆತ ಮನ್ನಣೆ ಅವರಿಗೆ ದೊರೆಯಲಿಲ್ಲ. ಕೆಲಸ ದೊಡ್ಡದಾದಷ್ಟೂ ಕೆಲಸಗಾರನು ಎಣಿಕೆಯ ಒಂದು ಅಂಕಿಯಾಗಿಬಿಡುವ ಅಪಾಯ ಯಂತ್ರಯುಗದ ಉದ್ದಕ್ಕೂ ನಮ್ಮ ಜೊತೆಗೇ ಬಂದಿದೆ. ವಿಶ್ವೇಶ್ವರಯ್ಯನವರು ಉಳಿಸಿಕೊಟ್ಟ ಭದ್ರಾವತಿಯ ಕಾರ್ಖಾನೆಯನ್ನು ಮುಚ್ಚಲು 2023ರ ಜನವರಿಯಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಆಡಳಿತ ಮಂಡಲಿ ಒಪ್ಪಿಗೆ ನೀಡಿದಾಗ, ಗುತ್ತಿಗೆ ಕಾರ್ಮಿಕರು ತಮ್ಮ ಕುಟುಂಬಗಳೊಡನೆ ಬೀದಿಗಿಳಿದು ಪ್ರತಿಭಟಿಸಿದರು. ವರ್ಷಗಟ್ಟಲೆ ದುಡಿದರೂ ಸಂಸ್ಥೆಯ ಪಟ್ಟಿಯಲ್ಲಿ ತನ್ನವನೆನಿಸಿಕೊಳ್ಳದ ಗುತ್ತಿಗೆಯಾಳಿಗಿಂತ ಎತ್ತರದ ಗೋಡೆಯನ್ನು ಇಂದು ಯಾರೂ ಎದುರಿಸುತ್ತಿಲ್ಲವೆಂದು ನಮಗೆ ತೋರುತ್ತದೆ.

ನಮ್ಮ ಧರ್ಮಸಭೆ ಈ ವಿಷಯದಲ್ಲಿ ಮೌನವಾಗಿಲ್ಲ. ವಿಶ್ವಗುರು 13ನೆಯ ಲಿಯೋರವರು 1891ರಲ್ಲಿ ಹೊರಡಿಸಿದ ವಿಶ್ವಪತ್ರದಲ್ಲಿ, ಕಾರ್ಮಿಕರನ್ನು ಲಾಭದ ಸಾಧನಗಳಂತೆ ಬಳಸುವುದು ಮಾನವತೆಗೆ ಅವಮಾನವೆಂದು ಬೋಧಿಸಿದರು. 1981ರಲ್ಲಿ 2ನೆಯ ಜಾನ್ ಪಾಲರು, ದುಡಿಮೆಗೆ ಬೆಲೆ ಬರುವುದು ಮಾಡಿದ ವಸ್ತುವಿನಿಂದಲ್ಲ, ಮಾಡಿದ ಮನುಷ್ಯನಿಂದ ಎಂಬ ತತ್ವವನ್ನು ವಿವರಿಸಿದರು. ಇದರ ಅರ್ಥ ಸರಳವಾಗಿದೆ. ಆಳು ನಮ್ಮ ಕೆಲಸಕ್ಕಾಗಿ ಹುಟ್ಟಿದವನಲ್ಲ. ಅವನು ಮನುಷ್ಯನಾಗಿ ಬೆಳೆಯಲು ಆ ಕೆಲಸ ಇರುವುದು. ಈ ನೋಟವುಳ್ಳ ಯಜಮಾನನು ಹೆಚ್ಚು ಉತ್ಪಾದನೆಗಾಗಿ ನಯವಾದ ಮಾತನ್ನು ಉಪಾಯವಾಗಿ ಬಳಸುವುದಿಲ್ಲ. ನಯವಾದ ಮಾತು ಬರಿಯ ಉಪಾಯವಾದರೆ ಕೆಲಸಗಾರನು ಅದನ್ನು ಬಹುಬೇಗ ಗುರುತಿಸಿಬಿಡುತ್ತಾನೆ.

ಹಾಗಾದರೆ ನಾವು ಮಾಡಬೇಕಾದುದೇನು? ತೋಟದಲ್ಲಿ ಆಳುಗಳನ್ನು ನೋಡಿಕೊಳ್ಳುವವರು ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದೇವೆಯೇ ಎಂದು ಕೇಳಿಕೊಳ್ಳಲಿ. ಶಾಲೆಯ ಮುಖ್ಯಸ್ಥರು, ಹತ್ತು ವರ್ಷಗಳಿಂದ ಒಂದೇ ತರಗತಿಗೆ ಪಾಠ ಮಾಡುತ್ತಿರುವ ಶಿಕ್ಷಕಿಗೆ ಹೊಸ ಹೊಣೆಯೊಂದನ್ನು ಎಂದಾದರೂ ಒಪ್ಪಿಸಿದ್ದೇವೆಯೇ ಎಂದು ನೋಡಲಿ. ಆಸ್ಪತ್ರೆಯಲ್ಲಿ ಮೇಲ್ವಿಚಾರಕರಾಗಿರುವವರು, ಕಿರಿಯ ದಾದಿಯ ತಪ್ಪನ್ನು ಎಲ್ಲರ ಮುಂದೆ ಎತ್ತಿ ಆಡುವ ಮೊದಲು ಧುಳೆಯ ಆ ಅಧಿಕಾರಿಯಂತೆ ಹತ್ತಿರ ಹೋಗಿ ನೋಡಲಿ. ನಮ್ಮ ಧರ್ಮಕೇಂದ್ರಗಳಲ್ಲಿ ಗಂಟೆ ಬಾರಿಸುವವರಿಗೂ ಅಂಗಳ ಗುಡಿಸುವವರಿಗೂ ನ್ಯಾಯವಾದ ಕೂಲಿ ಸಲ್ಲುತ್ತಿದೆಯೇ ಎಂಬುದನ್ನು ಗುರುಗಳಾದ ನಾವೂ ಪರಿಶೀಲಿಸಬೇಕು. ಮನೆಗೆಲಸಕ್ಕೆ ಬರುವ ಹೆಣ್ಣುಮಗಳ ಮಕ್ಕಳು ಯಾವ ತರಗತಿಯಲ್ಲಿ ಓದುತ್ತಿದ್ದಾರೆಂಬುದು ಅವಳ ಯಜಮಾನಿಗೆ ತಿಳಿದಿರಬೇಕು. ಅವಳೂ ಒಂದು ಮನೆಯ ಆಶಾಕಿರಣವೆಂಬುದು ಆಗ ನೆನಪಿನಲ್ಲಿ ಉಳಿಯುತ್ತದೆ.

ಕೈಕೆಳಗೆ ದುಡಿಯುವವರಿಗೂ ಈ ಬಾಳಿನಲ್ಲಿ ಪಾಠವಿದೆ. ಅನ್ಯಾಯದ ಟಿಪ್ಪಣಿ ಬಂದಾಗ ವಿಶ್ವೇಶ್ವರಯ್ಯನವರು ಕೆಲಸವನ್ನು ಕೆಡಿಸಿ ಸೇಡು ತೀರಿಸಿಕೊಳ್ಳಲಿಲ್ಲ. ಕೆಲಸವನ್ನು ಮಾಡಿ ತೋರಿಸಿದರು. ಬೆಳೆಯಲು ದಾರಿಯೇ ಇಲ್ಲವೆಂದು ತಿಳಿದಾಗ ಗೊಣಗುತ್ತ ಕೂರದೆ ಗೌರವದಿಂದ ಹೊರನಡೆದರು. ಹೀಗೆ ಹೊರನಡೆಯುವ ಅನುಕೂಲ ಎಲ್ಲರಿಗೂ ಇರುವುದಿಲ್ಲವೆಂಬುದನ್ನು ನಾವು ಬಲ್ಲೆವು. ಮನೆಯಲ್ಲಿ ಮಕ್ಕಳ ಶುಲ್ಕ ಕಟ್ಟಬೇಕಾದವನು ಗೋಡೆಯ ಕೆಳಗೇ ತಲೆ ಬಾಗಿಸಿ ನಿಲ್ಲಬೇಕಾಗುತ್ತದೆ. ಆದುದರಿಂದಲೇ ಗೋಡೆಯನ್ನು ತೆಗೆಯುವ ಹೊಣೆ ಮೇಲಿರುವವರ ಮೇಲೆ ಹೆಚ್ಚಾಗಿದೆ.

1951ರಲ್ಲಿ ವಿಶ್ವೇಶ್ವರಯ್ಯನವರು ತಮ್ಮ ನೆನಪುಗಳನ್ನು ಪ್ರಕಟಿಸಿದಾಗ ಅದನ್ನು ತಮ್ಮ ಬಾಳಿನ ನೆನಪುಗಳೆಂದು ಕರೆಯದೆ, ದುಡಿಮೆಯ ಬಾಳಿನ ನೆನಪುಗಳೆಂದು ಕರೆದರು. 1955ರಲ್ಲಿ ಅವರಿಗೆ ಭಾರತರತ್ನ ಪ್ರಶಸ್ತಿ ಸಂದಿತು. ಅದೇ ವರ್ಷ ವಿಶ್ವಗುರು 12ನೆಯ ಪಿಯೂಸರು ಮೇ 1ನ್ನು ಕಾರ್ಮಿಕರಾದ ಸಂತ ಜೋಸೆಫರ ಹಬ್ಬವೆಂದು ಸಾರಿದರು. ನೂರು ವರ್ಷಗಳ ತುಂಬುಬಾಳನ್ನು ಮುಗಿಸಿ ವಿಶ್ವೇಶ್ವರಯ್ಯನವರು 1962ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ಕಣ್ಮುಚ್ಚಿದರು. ಹುಟ್ಟೂರಾದ ಮುದ್ದೇನಹಳ್ಳಿಯಲ್ಲಿ ಅವರ ಅಂತ್ಯಕ್ರಿಯೆ ನಡೆಯಿತು. ಅವರು ಕಂಡ ಗೋಡೆಗಳನ್ನು ಅವರು ಕೆಡವಿದರು. ಅವರಿಗೆ ಕಾಣದೆ ಉಳಿದವು ನಮ್ಮ ಪಾಲಿಗೆ ಬಂದಿವೆ. ನಮ್ಮ ಕೈಕೆಳಗೆ ಒಬ್ಬನೇ ಒಬ್ಬ ದುಡಿಯುತ್ತಿದ್ದರೂ ಸರಿಯೇ, ಅವನ ತಲೆಯ ಮೇಲೆ ನಾವೇ ಕಟ್ಟಿರುವ ಗೋಡೆ ಯಾವುದೆಂದು ಈ ವಾರ ಅವನನ್ನೇ ಕೇಳಿ ತಿಳಿಯೋಣ.